ಯಾವ ಪ್ಲಾಸ್ಟಿಕ್ ಆರಿಸಬೇಕು? ಹೆಸರು ಆಮೇಲೆ, ಮೊದಲು ಸರಪಳಿ

ಖಾಲಿಯಾದ ನೀರಿನ ಬಾಟಲಿಯೊಂದನ್ನು ಸಿಂಕಿನಲ್ಲಿ ನಿಲ್ಲಿಸಿ, ಕೈ ದೂರವಿಟ್ಟುಕೊಂಡು, ಕುದಿಯುವ ನೀರು ಸುರಿದು ನೋಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಟಲಿಯ ಹೊಟ್ಟೆ ಒಳಕ್ಕೆ ಎಳೆದುಕೊಂಡು ಸೊಟ್ಟಗಾಗಿ ಮುದುಡುತ್ತದೆ. ಅದೇ ನೀರನ್ನು ಪಾಲಿಪ್ರೊಪಿಲೀನ್ ಡಬ್ಬಿಗೆ ಸುರಿಯಿರಿ. ಡಬ್ಬಿ ಒಂಚೂರು ಮೆತ್ತಗಾದಂತೆ ಅನಿಸಬಹುದು, ಆಕಾರ ಮಾತ್ರ ಬಿಡುವುದಿಲ್ಲ. ಈಗ ಎರಡರ ಕರಗುವ ಬಿಂದು ನೋಡಿ. ಬಾಟಲಿಯ ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಡಬ್ಬಿಯ ಪಾಲಿಪ್ರೊಪಿಲೀನ್ 160ರಿಂದ 165ರೊಳಗೆ ಕರಗಿಹೋಗುತ್ತದೆ. ಪಟ್ಟಿಯ ಲೆಕ್ಕದಲ್ಲಿ ಗೆಲ್ಲಬೇಕಾಗಿದ್ದದ್ದು ಬಾಟಲಿ. ಸೋತದ್ದೂ ಅದೇ.

ಈ ಒಗಟು ಬಿಡಿಸಿಕೊಂಡವರಿಗೆ ಪ್ಲಾಸ್ಟಿಕ್ ಆಯ್ಕೆಯ ಅರ್ಧ ದಾರಿ ಸಾಗಿದಂತೆ. ಯಾವುದೋ ಒಂದು ಭಾಗಕ್ಕೆ, ಡಬ್ಬಿಗೆ, ಸೀಲಿಗೆ, ಮುಚ್ಚಳಕ್ಕೆ ಪಾಲಿಮರ್ ಹುಡುಕುವಾಗ ನಾವು ಸಾಮಾನ್ಯವಾಗಿ ಹೆಸರುಗಳನ್ನು ಎದುರುಬದುರು ಇಡುತ್ತೇವೆ: ನೈಲಾನೋ ಅಸಿಟಾಲೋ, ಅಕ್ರಿಲಿಕ್ಕೋ ಪಾಲಿಕಾರ್ಬೊನೇಟೋ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನನ್ನ ವಸ್ತು ಬಾಳಬೇಕಾದ ಉಷ್ಣತೆಯಲ್ಲಿ ಇದರೊಳಗಿನ ಸರಪಳಿಗಳು ಅಲುಗಾಡುತ್ತಿವೆಯೇ? ಅಲುಗಾಡುತ್ತಿದ್ದರೆ, ಅವನ್ನು ಹಿಡಿದಿಟ್ಟಿರುವುದು ಏನು? ಈ ಬರಹದ ಎಲ್ಲ ಹೋಲಿಕೆಗಳೂ ಇದೇ ಪ್ರಶ್ನೆಗೆ ಮರಳುತ್ತವೆ. ಮುಂದೆ ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಎಂದೇ ಓದಿಕೊಳ್ಳಿ.

ಐದು ಮೀಟರ್ ದಾರ, ಹತ್ತು ಸೆಂಟಿಮೀಟರ್ ಉಂಡೆ

ಪಾಲಿಮರ್ ಎಂದರೆ ಪುಟ್ಟ ಅಣುಗಳು ಒಂದರ ಕೈ ಒಂದು ಹಿಡಿದು ಆಗಿರುವ ಉದ್ದನೆಯ ಅಣು. ಪುಟ್ಟ ಅಣುವಿಗೆ ಮಾನೋಮರ್ ಎಂದು ಹೆಸರು. ಎಥಿಲೀನ್ ಎಂಬ ಅನಿಲದ ಅಣುತೂಕ 28. ಅಂಥ 10,000 ಅಣುಗಳು ಸೇರಿದರೆ 2,80,000 ತೂಕದ ಒಂದು ಪಾಲಿಎಥಿಲೀನ್ ಸರಪಳಿ. ಅದನ್ನು ನೆಟ್ಟಗೆ ಎಳೆದರೆ ಉದ್ದ ಸುಮಾರು ಎರಡೂವರೆ ಮೈಕ್ರೊಮೀಟರ್, ದಪ್ಪ ಸುಮಾರು ಅರ್ಧ ನ್ಯಾನೊಮೀಟರ್. ಈ ಅಳತೆಗಳನ್ನು ಕಣ್ಣಿಗೆ ಕಾಣುವ ಮಟ್ಟಕ್ಕೆ ಹಿಗ್ಗಿಸಿದರೆ ಸರಪಳಿ 1 ಮಿಲಿಮೀಟರ್ ದಪ್ಪದ, 5 ಮೀಟರ್ ಉದ್ದದ ದಾರವಾಗುತ್ತದೆ. ಕರಗಿದ ಪಾಲಿಎಥಿಲೀನ್‌ನಲ್ಲಿ ಈ ದಾರ ನೆಟ್ಟಗೆ ಮಲಗಿರುವುದಿಲ್ಲ, ಸುಮಾರು 10 ಸೆಂಟಿಮೀಟರ್ ಅಗಲದ ಸಡಿಲ ಉಂಡೆಯಾಗಿ ಸುತ್ತಿಕೊಂಡಿರುತ್ತದೆ. ಆ ಉಂಡೆಯೊಳಗೆ ಹೆಚ್ಚಿನ ಜಾಗ ಅದರದ್ದಲ್ಲ; ಅಕ್ಕಪಕ್ಕದ ಹತ್ತಾರು ದಾರಗಳು ಅಲ್ಲೇ ನುಸುಳಿ ಸಿಕ್ಕುಬಿದ್ದಿರುತ್ತವೆ.

ಈ ಸಿಕ್ಕಿನಲ್ಲೇ ಪ್ಲಾಸ್ಟಿಕ್ಕಿನ ಬಲ ಇರುವುದು. ಮೇಣದ ಅಣುವೂ ಪಾಲಿಎಥಿಲೀನ್ ಅಣುವೂ ರಾಸಾಯನಿಕವಾಗಿ ಒಂದೇ ಮನೆತನದವು, ಎರಡರಲ್ಲೂ ಇಂಗಾಲ ಮತ್ತು ಹೈಡ್ರೋಜನ್ ಬಿಟ್ಟರೆ ಬೇರೇನಿಲ್ಲ. ಮೇಣದ ದಾರ ಮೋಟು, ಸಿಕ್ಕುಬೀಳುವಷ್ಟು ಉದ್ದವಿಲ್ಲ, ಆದ್ದರಿಂದ ಉಗುರಿಗೂ ಪುಡಿಯಾಗುತ್ತದೆ. ಇನ್ನೊಂದು ತುದಿಯಲ್ಲಿ 30 ಲಕ್ಷದಿಂದ 60 ಲಕ್ಷ ಅಣುತೂಕದ ಅತ್ಯುದ್ದ ಪಾಲಿಎಥಿಲೀನ್ ಇದೆ. ಕೃತಕ ಸೊಂಟದ ಕೀಲಿನ ಬಟ್ಟಲಿಗೆ ಒಳಪದರವಾಗಿ ಹಾಕುವುದು ಇದನ್ನೇ, ಅಷ್ಟು ಸವೆತ ತಾಳುತ್ತದೆ. ಆದರೆ ಉದ್ದಕ್ಕೆ ತಕ್ಕ ಬೆಲೆ ತೆರಬೇಕು: ಕರಗಿಸಿದರೂ ಅದು ಹರಿಯುವುದೇ ಇಲ್ಲವೆನ್ನಬಹುದು, ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬುವ ಸಾಮಾನ್ಯ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರಕ್ಕೆ ದಕ್ಕುವುದಿಲ್ಲ. ಒಂದೇ ಪಾಲಿಮರಿನ ಎರಡು ಗ್ರೇಡ್‌ಗಳ ನಡುವೆ ಆರಿಸುವಾಗ ಸದಾ ಎದುರಾಗುವ ತಕ್ಕಡಿ ಇದು. ಸುಲಭವಾಗಿ ಹರಿಯುವ ಗ್ರೇಡ್ ತೆಳು ಅಚ್ಚನ್ನು ಚೆನ್ನಾಗಿ ತುಂಬುತ್ತದೆ, ಪೆಟ್ಟು ತಿನ್ನುವ ಶಕ್ತಿ ಕಡಿಮೆ. ಮೆಲ್ಟ್ ಫ್ಲೋ ಇಂಡೆಕ್ಸ್ ಎಂದು ಚೀಲದ ಮೇಲೆ ಬರೆದಿರುವ ಅಂಕಿ ಇದನ್ನೇ ಹೇಳುವುದು: ಅಂಕಿ ದೊಡ್ಡದಾದಷ್ಟೂ ಸರಪಳಿ ಮೋಟು.

ಇಂಥ ಉದ್ದನೆಯ ಅಣುಗಳು ಇರಬಹುದೆಂದು ಜರ್ಮನ್ ರಸಾಯನಶಾಸ್ತ್ರಜ್ಞ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಬರೆದಾಗ ಅವರ ಕಾಲದ ದೊಡ್ಡ ದೊಡ್ಡವರೇ ಒಪ್ಪಲಿಲ್ಲ. ಸಣ್ಣ ಅಣುಗಳು ಹೇಗೋ ಅಂಟಿಕೊಂಡು ಗುಂಪುಗೂಡಿವೆ ಅಷ್ಟೇ ಎಂದರು. ನೊಬೆಲ್ ಬಂದದ್ದು 1953ರಲ್ಲಿ. ಮೂವತ್ತಮೂರು ವರ್ಷ ಒಬ್ಬ ಮನುಷ್ಯ ತನ್ನ ಮಾತಿಗೆ ಅಂಟಿಕೊಂಡು ನಿಂತದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಮೊದಲ ಕವಲು: ಮತ್ತೆ ಕರಗಬೇಕೇ?

ಸರಪಳಿಗಳು ಬರೀ ಸಿಕ್ಕುಬಿದ್ದಿದ್ದರೆ ಬಿಸಿ ಮಾಡಿದಾಗ ಜಾರಿ ಬಿಡಿಸಿಕೊಳ್ಳುತ್ತವೆ, ತಣಿಸಿದರೆ ಮತ್ತೆ ಗಟ್ಟಿಯಾಗುತ್ತವೆ. ಇವು ಥರ್ಮೋಪ್ಲಾಸ್ಟಿಕ್‌ಗಳು, ಬಕೆಟ್, ಬಾಟಲಿ, ಚೀಲ, ಪೈಪು ಎಲ್ಲ ಇವೇ. ಸರಪಳಿಗಳ ನಡುವೆ ರಾಸಾಯನಿಕ ಅಡ್ಡಕೊಂಡಿಗಳು ಬಿದ್ದರೆ ಕತೆ ಬದಲಾಗುತ್ತದೆ. ಕೊಂಡಿಗಳು ದಟ್ಟವಾಗಿದ್ದರೆ ಇಡೀ ವಸ್ತು ಒಂದೇ ಅಣುವಿನಂಥ ಬಲೆ. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ಮಾಡಿದ ಬೇಕಲೈಟ್, ಎಪಾಕ್ಸಿ, ಮೆಲಮೈನ್ ಈ ಗುಂಪಿನವು, ಗುಂಪಿನ ಹೆಸರು ಥರ್ಮೋಸೆಟ್. ಬಿಸಿ ಮಾಡಿದರೆ ಕರಗುವುದಿಲ್ಲ, ಕೊನೆಗೆ ಕರಕಲಾಗುತ್ತವೆ. ಕೊಂಡಿಗಳು ವಿರಳವಾಗಿದ್ದು ನಡುವಿನ ಸರಪಳಿ ಸಡಿಲವಾಗಿದ್ದರೆ ಅದೇ ರಬ್ಬರ್. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿದಾಗ ಅಂಟಂಟು ರಬ್ಬರಿನೊಳಗೆ ಬಿದ್ದದ್ದು ಇಂಥ ವಿರಳ ಕೊಂಡಿಗಳೇ.

ಆಯ್ಕೆಯ ಭಾಷೆಯಲ್ಲಿ ಹೇಳುವುದಾದರೆ: ಸಾವಿರಾರು ಭಾಗಗಳನ್ನು ಬೇಗ ಅಚ್ಚು ಹೊಡೆಯಬೇಕು, ಹಳೆಯದನ್ನು ಕರಗಿಸಿ ಮತ್ತೆ ಬಳಸಬೇಕು ಎಂದಾದರೆ ಥರ್ಮೋಪ್ಲಾಸ್ಟಿಕ್. ಬಿಸಿಯಲ್ಲಿ ಭಾರ ಹೊತ್ತು ವರ್ಷಗಟ್ಟಲೆ ಬಾಗದೆ ನಿಲ್ಲಬೇಕು ಎಂದಾದರೆ ಥರ್ಮೋಸೆಟ್ ಕಡೆ ನೋಡಿ. ಒಂದು ಎಚ್ಚರಿಕೆ ಮಾತ್ರ ಬೇಕು. ಥರ್ಮೋಸೆಟ್ ಕರಗುವುದಿಲ್ಲ ಎಂದರೆ ಮೆತ್ತಗಾಗುವುದೇ ಇಲ್ಲ ಎಂದು ಅರ್ಥವಲ್ಲ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಅಂಟು ಎಷ್ಟೋ ಸಲ 50–60 ಡಿಗ್ರಿಗೇ ಸಡಿಲಗೊಳ್ಳುತ್ತದೆ. ಬಿಸಿಲಿಗೆ ನಿಂತ ಮುಚ್ಚಿದ ವಾಹನದೊಳಗೆ ಅಷ್ಟು ಬಿಸಿ ಸುಲಭವಾಗಿ ಬರುತ್ತದೆ. ಬಿಸಿ ತಾಳಬೇಕಾದ ಎಪಾಕ್ಸಿಯನ್ನು ಬಿಸಿಯಲ್ಲೇ ಹದಗೊಳಿಸಬೇಕು.

ಕರಗುವ ಬಿಂದುವಿಗಿಂತ ಮುಖ್ಯವಾದ ಅಂಕಿ

ಈಗ ಬಾಟಲಿಯ ಒಗಟಿಗೆ ಬರೋಣ. ಉಷ್ಣತೆ ಕಡಿಮೆ ಇದ್ದಾಗ ಸರಪಳಿಯ ತುಣುಕುಗಳು ಇದ್ದಲ್ಲೇ ನಡುಗುತ್ತಿರುತ್ತವೆ, ಜಾಗ ಬಿಟ್ಟು ಕದಲುವುದಿಲ್ಲ. ಆಗ ವಸ್ತು ಗಾಜಿನಂತೆ ಗಡುಸು. ಉಷ್ಣತೆ ಏರಿದಂತೆ ಒಂದು ಹಂತದಲ್ಲಿ ತುಣುಕುಗಳು ತಿರುಚಿ ಹೊರಳಿ ಜಾಗ ಬದಲಿಸಲು ಶುರುಮಾಡುತ್ತವೆ. ಆ ಹಂತದ ಹೆಸರು ಗ್ಲಾಸ್ ಟ್ರಾನ್ಸಿಶನ್ ಉಷ್ಣತೆ. ಕೆಲಸದ ಜಾಗದಲ್ಲಿ ಎಲ್ಲರೂ ಟಿಜಿ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಇದು ಕರಗುವಿಕೆಯಲ್ಲ. ಕರಗುವುದು ಸ್ಫಟಿಕದ ಗುಣ. ಟಿಜಿ ಅಸ್ತವ್ಯಸ್ತವಾಗಿ ಬಿದ್ದಿರುವ ಭಾಗದ ಗುಣ. ಸರಪಳಿಗಳು ಕೆಲವು ಕಡೆ ಸಾಲಾಗಿ ಮಡಚಿ ಜೋಡಿಸಿಕೊಂಡು ಸ್ಫಟಿಕವಾಗುತ್ತವೆ, ಉಳಿದೆಡೆ ಸಿಕ್ಕುಸಿಕ್ಕಾಗಿಯೇ ಇರುತ್ತವೆ. ಹೀಗಾಗಿ ಒಂದೇ ಪ್ಲಾಸ್ಟಿಕ್ಕಿಗೆ ಎರಡು ಅಂಕಿಗಳಿರಬಹುದು.

ಪೆಟ್‌ನ ಟಿಜಿ 70ರಿಂದ 80 ಡಿಗ್ರಿ. ಬಾಟಲಿ ಮಾಡುವಾಗ ಪ್ರೀಫಾರ್ಮ್ ಎಂಬ ದಪ್ಪ ಕೊಳವೆಯನ್ನು ಟಿಜಿಗಿಂತ ಮೇಲೆ ಕಾಯಿಸಿ, ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿಸಿ ಊದುತ್ತಾರೆ. ಹಿಗ್ಗಿದ ಸರಪಳಿಗಳು ಮತ್ತೆ ಉಂಡೆಯಾಗುವ ಮೊದಲೇ ತಣ್ಣನೆಯ ಅಚ್ಚಿಗೆ ತಾಗಿ ಹೆಪ್ಪುಗಟ್ಟುತ್ತವೆ. ಕುದಿಯುವ ನೀರು ಬಿದ್ದಾಗ ಆ ಹಿಡಿತ ಸಡಿಲವಾಗಿ, ತಡೆಹಿಡಿದ ಸರಪಳಿಗಳು ತಮ್ಮ ಉಂಡೆಯ ಸ್ಥಿತಿಗೆ ಮರಳುತ್ತವೆ. ಮುದುಡಿದ ಬಾಟಲಿಯ ಕುತ್ತಿಗೆಯನ್ನು ಗಮನಿಸಿ. ತಿರುಪಿನ ಗೆರೆಗಳಿರುವ ಆ ಭಾಗ ಹೊಟ್ಟೆಯಷ್ಟು ಮುದುಡಿರುವುದಿಲ್ಲ. ಅದನ್ನು ಊದುವಾಗ ಹಿಗ್ಗಿಸಿರಲಿಲ್ಲ, ಮರಳಿ ಹೋಗಲು ಅದಕ್ಕೆ ಹಿಂದಿನ ಸ್ಥಿತಿಯೇ ಇಲ್ಲ.

ಪಾಲಿಪ್ರೊಪಿಲೀನ್ ಡಬ್ಬಿಯ ಸ್ಥಿತಿ ಬೇರೆ. ಅದರ ಟಿಜಿ ಸೊನ್ನೆ ಡಿಗ್ರಿಯ ಆಸುಪಾಸು, ಅಂದರೆ ಕೋಣೆಯ ಉಷ್ಣತೆಯಲ್ಲೇ ಅದರ ಅಸ್ತವ್ಯಸ್ತ ಭಾಗ ಅಲುಗಾಡುತ್ತಿರುತ್ತದೆ. ಹಿಡಿದಿಟ್ಟಿರುವುದು ಸ್ಫಟಿಕಗಳು. ಅವು 160ರವರೆಗೂ ಕರಗುವುದಿಲ್ಲವಾದ್ದರಿಂದ ನೂರು ಡಿಗ್ರಿ ನೀರಿಗೆ ಡಬ್ಬಿ ಮೆತ್ತಗಾಗುತ್ತದೆ, ಕುಸಿಯುವುದಿಲ್ಲ. ಪೆಟ್‌ಗೂ ಇದೇ ಭಾಗ್ಯ ಕೊಡಬಹುದು: ಬಿಸಿಯಲ್ಲಿ ಹಿಡಿದು ಸಾಕಷ್ಟು ಸ್ಫಟಿಕ ಬೆಳೆಸಿದರೆ ಅದು ಹಾಲುಬಿಳುಪಾಗಿ, ಓವನ್ನಿನ 200 ಡಿಗ್ರಿಯನ್ನೂ ತಾಳುವ ತಟ್ಟೆಯಾಗುತ್ತದೆ. ಮಾನೋಮರ್ ಅದೇ, ಹೆಸರೂ ಅದೇ, ಜೋಡಣೆ ಬೇರೆ.

ಇದರಿಂದ ಸಿಗುವ ಕಟ್ಟುನಿಟ್ಟಿನ ಲೆಕ್ಕ ಹೀಗಿದೆ. ಸ್ಫಟಿಕವಿಲ್ಲದ ಗಡಸು ಪ್ಲಾಸ್ಟಿಕ್ಕನ್ನು ಟಿಜಿಗಿಂತ ಸಾಕಷ್ಟು ಕೆಳಗೆ ಬಳಸಬೇಕು. ಇಪ್ಪತ್ತು ಡಿಗ್ರಿಯಾದರೂ ಅಂತರ ಇರಲಿ ಎಂಬುದು ನನ್ನ ರೂಢಿ. ತ್ರೀಡಿ ಪ್ರಿಂಟಿಗೆ ಬಳಸುವ ಪಿಎಲ್‌ಎಗೆ ಟಿಜಿ ಸುಮಾರು 60, ಪಿವಿಸಿಗೆ 80, ಪಾಲಿಸ್ಟೈರೀನ್‌ಗೆ 100, ಅಕ್ರಿಲಿಕ್‌ಗೆ 105, ಪಾಲಿಕಾರ್ಬೊನೇಟ್‌ಗೆ 147ರ ಸುತ್ತ. ಸ್ಫಟಿಕವಿರುವ ಪ್ಲಾಸ್ಟಿಕ್ ಟಿಜಿ ದಾಟಿದ ಮೇಲೂ ದುಡಿಯುತ್ತದೆ, ಅದರ ಮಿತಿ ಕರಗುವ ಬಿಂದುವಿಗಿಂತ ಕೆಳಗೆ ಎಲ್ಲೋ ಇರುತ್ತದೆ. ರಬ್ಬರಿನದು ತದ್ವಿರುದ್ಧ: ಟಿಜಿಗಿಂತ ಬಹಳ ಮೇಲಿದ್ದರೆ ಮಾತ್ರ ಅದು ರಬ್ಬರ್.

ಕೊನೆಯ ಮಾತನ್ನು ಮರೆತರೆ ಏನಾಗುತ್ತದೆ ಎಂಬುದನ್ನು 1986ರ ಜನವರಿ 28ರಂದು ಜಗತ್ತೇ ನೋಡಿತು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ಘನ ಇಂಧನ ರಾಕೆಟ್ಟಿನ ಕೀಲುಗಳಿಗೆ ಫ್ಲೋರೊ ರಬ್ಬರಿನ ಓ-ರಿಂಗ್ ಎಂಬ ಸೀಲು ಉಂಗುರಗಳಿದ್ದವು. ಹಾರಿಸುವ ಹೊತ್ತಿಗೆ ಹೊರಗೆ ಸುಮಾರು 2 ಡಿಗ್ರಿ. ಆ ಚಳಿಯಲ್ಲಿ ರಬ್ಬರ್ ಗಾಜಾಗಿರಲಿಲ್ಲ, ಆದರೆ ಟಿಜಿಯ ಹತ್ತಿರ ಸರಿದು ನಿಧಾನವಾಗಿತ್ತು. ಕೀಲು ಬಾಯಿಬಿಟ್ಟಾಗ ಥಟ್ಟನೆ ಹಿಗ್ಗಿ ಸಂದು ಮುಚ್ಚಬೇಕಾಗಿದ್ದ ಉಂಗುರ ಹಿಗ್ಗಲಿಲ್ಲ. ಏಳು ಜನ ಸತ್ತರು. ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ರಬ್ಬರ್ ತುಂಡೊಂದನ್ನು ಹಿಡಿಕೆಯಲ್ಲಿ ಅದುಮಿ ಐಸ್ ನೀರಿನ ಲೋಟಕ್ಕೆ ಅದ್ದಿದರು, ತೆಗೆದು ಸಡಿಲಿಸಿದಾಗ ಅದು ತಕ್ಷಣ ಮೊದಲಿನಂತಾಗಲಿಲ್ಲ. ಸೀಲಿಗೆ ರಬ್ಬರ್ ಆರಿಸುವ ಪ್ರತಿಯೊಬ್ಬರೂ ಇದನ್ನು ನೆನಪಿಡಬೇಕೆಂದು ನಾನು ಕಳಕಳಿಯಿಂದ ಹೇಳುತ್ತೇನೆ. ಬಳಸಬಹುದಾದ ಅತಿ ಕಡಿಮೆ ಉಷ್ಣತೆ ಎಂದು ನೀವು ಓದುವ ಅಂಕಿ ವಸ್ತು ಒಡೆಯದಿರುವ ಮಿತಿಯೋ, ಚುರುಕಾಗಿ ಪುಟಿಯುವ ಮಿತಿಯೋ ಎಂದು ಕೇಳಿ ತಿಳಿದುಕೊಳ್ಳಿ.

ಸರಪಳಿಯ ಈ ಚಲನೆಯನ್ನು ಮೈಗೆ ತಾಗಿಸಿಕೊಳ್ಳುವ ದಾರಿಯೂ ಒಂದಿದೆ. ಅಗಲವಾದ ರಬ್ಬರ್ ಬ್ಯಾಂಡನ್ನು ಥಟ್ಟನೆ ಎಳೆದು ತುಟಿಗೆ ಒತ್ತಿ, ಬೆಚ್ಚಗಾಗಿರುತ್ತದೆ. ಎಳೆದೇ ಹಿಡಿದು ಸ್ವಲ್ಪ ಹೊತ್ತು ಬಿಟ್ಟು, ಥಟ್ಟನೆ ಸಡಿಲಿಸಿ ಮತ್ತೆ ಒತ್ತಿ, ತಣ್ಣಗಾಗಿರುತ್ತದೆ. ಸುರುಳಿಯಾಗಿದ್ದ ಸರಪಳಿಗಳನ್ನು ನೆಟ್ಟಗೆ ಮಾಡಿದಾಗ ಬಿಟ್ಟುಕೊಟ್ಟ ಶಾಖವನ್ನು ಅವು ಸುರುಳಿಗೆ ಮರಳುವಾಗ ವಾಪಸು ಕೇಳುತ್ತವೆ.

ಸ್ಫಟಿಕವೋ, ಅಸ್ತವ್ಯಸ್ತವೋ

ಪಾರದರ್ಶಕವಾಗಿರಬೇಕು ಎಂದಾದರೆ ಆಯ್ಕೆ ಬಹುಪಾಲು ಸ್ಫಟಿಕವಿಲ್ಲದ ಕಡೆಗೇ ಹೋಗುತ್ತದೆ. ಸ್ಫಟಿಕ ಗುಚ್ಛಗಳು ಬೆಳಕನ್ನು ಚದುರಿಸುವುದರಿಂದ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ನೈಲಾನ್ ದಪ್ಪವಾದಾಗ ಮಬ್ಬು. ಅಚ್ಚಿನಿಂದ ತೆಗೆದ ಮೇಲೆ ಅಳತೆ ನಿಖರವಾಗಿರಬೇಕು ಎಂದರೂ ಸ್ಫಟಿಕವಿಲ್ಲದ್ದೇ ಮೇಲು; ಸ್ಫಟಿಕವಾಗುವಾಗ ಸರಪಳಿಗಳು ಒತ್ತಾಗಿ ಕೂರುವುದರಿಂದ ಕುಗ್ಗುವಿಕೆ ಜಾಸ್ತಿ. ಪಾಲಿಸ್ಟೈರೀನ್ ಶೇಕಡಾ ಅರ್ಧದಷ್ಟು ಕುಗ್ಗಿದರೆ ಪಾಲಿಪ್ರೊಪಿಲೀನ್ ಶೇಕಡಾ ಒಂದೂವರೆ, ಎರಡರವರೆಗೂ ಕುಗ್ಗುತ್ತದೆ.

ಆದರೆ ಎಣ್ಣೆ, ಥಿನ್ನರ್, ಸಾಬೂನು, ಮತ್ತೆ ಮತ್ತೆ ಬಾಗುವ ಕೆಲಸ, ಉಜ್ಜುವ ಕೆಲಸ ಬಂದಾಗ ಸ್ಫಟಿಕದ ಪ್ಲಾಸ್ಟಿಕ್‌ಗಳು ಗೆಲ್ಲುತ್ತವೆ. ದ್ರಾವಕದ ಅಣುಗಳು ಸ್ಫಟಿಕದೊಳಗೆ ನುಸುಳಲಾರವು. ಅಸ್ತವ್ಯಸ್ತ ಸರಪಳಿಗಳ ಮಧ್ಯೆ ಮಾತ್ರ ಸಲೀಸಾಗಿ ಹೊಕ್ಕು ಸಿಕ್ಕು ಬಿಡಿಸುತ್ತವೆ. ಭಾಗದೊಳಗೆ ಮೊದಲೇ ಎಳೆತವಿದ್ದರೆ ಅಲ್ಪ ದ್ರಾವಕವೂ ಬಿರುಕು ತರುತ್ತದೆ. ತಿರುಪು ಬಿಗಿದ ಪಾಲಿಕಾರ್ಬೊನೇಟ್ ಮುಚ್ಚಳವನ್ನು ಥಿನ್ನರಿನಲ್ಲಿ ಒರೆಸಿ ಇಟ್ಟರೆ, ಸ್ವಲ್ಪ ಹೊತ್ತಿನಲ್ಲಿ ತಿರುಪಿನ ತೂತಿನ ಸುತ್ತ ಕೂದಲಿನಂಥ ಬಿರುಕುಗಳು ಸೂರ್ಯಕಿರಣದ ಹಾಗೆ ಹರಡುತ್ತವೆ. ತಿರುಪಿಲ್ಲದ ಜಾಗದಲ್ಲಿ ಅಷ್ಟಿರುವುದಿಲ್ಲ. ಎಷ್ಟೋ ಜನ ಇದನ್ನು ಕಳಪೆ ಮಾಲು ಎಂದುಕೊಳ್ಳುತ್ತಾರೆ. ತಪ್ಪು ಎಷ್ಟೋ ಸಲ ಬಿಗಿತದ್ದು, ಒರೆಸುವ ದ್ರವದ್ದು.

ಜೋಡಿ ಜೋಡಿಯಾಗಿ ನೋಡಿದರೆ

ಎಲ್‌ಡಿಪಿಇ, ಎಚ್‌ಡಿಪಿಇ, ಪಾಲಿಪ್ರೊಪಿಲೀನ್ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು, ರಚನೆ ಹೇಗೆ ಗುಣವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. 1933ರಲ್ಲಿ ಅತಿ ಒತ್ತಡದಲ್ಲಿ ಹುಟ್ಟಿದ ಪಾಲಿಎಥಿಲೀನ್‌ನ ಸರಪಳಿಗೆ ಅಲ್ಲಲ್ಲಿ ಕೊಂಬೆಗಳಿದ್ದವು. ಕೊಂಬೆಯಿರುವ ಕಟ್ಟಿಗೆಯನ್ನು ಒತ್ತಾಗಿ ಪೇರಿಸಲಾಗದು. ಹಾಗೇ ಈ ಸರಪಳಿಗಳು ಅರ್ಧದಷ್ಟು ಮಾತ್ರ ಸ್ಫಟಿಕವಾಗುತ್ತವೆ. ಸಾಂದ್ರತೆ (ನೀರಿನದು 1 ಎಂದಾದರೆ) 0.91ರಿಂದ 0.93, ಕರಗುವುದು 105–115ರಲ್ಲಿ, ಮೈ ಮೆದು. ಇದು ಎಲ್‌ಡಿಪಿಇ. ಹಿಂಡಿದರೆ ಒಳಹೋಗಿ ಮತ್ತೆ ಮೊದಲಿನಂತಾಗುವ ಬಾಟಲಿಗೆ, ತೆಳು ಹಾಳೆಗೆ ಸರಿ. 1953ರಲ್ಲಿ ಕಾರ್ಲ್ ಝೀಗ್ಲರ್ ಕಂಡುಕೊಂಡ ವೇಗವರ್ಧಕದಿಂದ ಹೆಚ್ಚುಕಡಿಮೆ ಕೊಂಬೆಯಿಲ್ಲದ ಸರಪಳಿ ಬಂತು. ಅದು ಎಚ್‌ಡಿಪಿಇ: ಸಾಂದ್ರತೆ 0.94ಕ್ಕಿಂತ ಮೇಲೆ, ಕರಗುವುದು 130ರ ಆಸುಪಾಸು, ಗಟ್ಟಿಮುಟ್ಟಾದ ಡ್ರಮ್ಮು, ಪೈಪು. ಎರಡರ ಟಿಜಿಯೂ ಮೈನಸ್ 100ಕ್ಕಿಂತ ಕೆಳಗಿರುವುದರಿಂದ ಕಡುಚಳಿಯಲ್ಲೂ ಒಡೆಯುವುದಿಲ್ಲ.

ಪಾಲಿಪ್ರೊಪಿಲೀನ್‌ನಲ್ಲಿ ಪ್ರತಿ ಎರಡನೆಯ ಇಂಗಾಲಕ್ಕೆ ಒಂದು ಮೀಥೈಲ್ ಗುಂಪು ಅಂಟಿಕೊಂಡಿದೆ. ಆ ಗುಂಪುಗಳು ಒಂದೇ ಪಕ್ಕಕ್ಕಿದ್ದರೆ ಸರಪಳಿ ಅಂದವಾದ ಸುರುಳಿಯಾಗಿ ಸ್ಫಟಿಕಗೊಂಡು 160ರಾಚೆ ಕರಗುತ್ತದೆ. ಮನಬಂದಂತೆ ಆಚೀಚೆ ಇದ್ದರೆ ಸಿಗುವುದು ಮೆತ್ತನೆಯ ಅಂಟು. 1954ರಲ್ಲಿ ಜೂಲಿಯೊ ನಾಟ್ಟಾ ಆ ಕ್ರಮವನ್ನು ಸಾಧಿಸಿದ ಮೇಲೆಯೇ ಇದು ಬಳಕೆಯ ಪ್ಲಾಸ್ಟಿಕ್ ಆದದ್ದು. 1963ರ ನೊಬೆಲ್ ಝೀಗ್ಲರ್ ಮತ್ತು ನಾಟ್ಟಾ ಇಬ್ಬರಿಗೂ ಸಂದಿತು. ಬಿಸಿ ತಾಳಬೇಕೆಂದರೆ, ಮುಚ್ಚಳ ಮತ್ತು ಡಬ್ಬಿ ಒಂದೇ ತುಂಡಾಗಿ ತೆಳು ಮಡಿಕೆಯಲ್ಲಿ ಸಾವಿರಾರು ಸಲ ಬಾಗಬೇಕೆಂದರೆ ಪಾಲಿಪ್ರೊಪಿಲೀನ್ ಆರಿಸಿ. ಫ್ರೀಜರಿಗೆ ಬೇಡ, ಅಲ್ಲಿ ಅದು ತನ್ನ ಟಿಜಿಗಿಂತ ಕೆಳಗಿಳಿದು ಬಿದ್ದರೆ ಸೀಳುತ್ತದೆ. ಫ್ರೀಜರೂ ಬಿಸಿನೀರೂ ಎರಡೂ ಬೇಕೆಂದರೆ ಎಥಿಲೀನ್ ಬೆರೆತ, ಪೆಟ್ಟು ತಾಳುವ ಕೋಪಾಲಿಮರ್ ಗ್ರೇಡ್ ಕೇಳಿ. ಬಿಸಿಲಿಗೆ ಮೂರೂ ಸೊರಗುತ್ತವೆ, ಮೀಥೈಲ್ ಅಂಟಿದ ಇಂಗಾಲದ ದೆಸೆಯಿಂದ ಪಾಲಿಪ್ರೊಪಿಲೀನ್ ಇನ್ನೂ ಬೇಗ. ಹೊರಗಿಡುವ ವಸ್ತುವಿಗೆ ಕಾರ್ಬನ್ ಬ್ಲ್ಯಾಕ್ ಅಥವಾ ಬೇರೆ ಅತಿನೇರಳೆ ತಡೆ ಸೇರಿಸಿದ ಗ್ರೇಡೇ ಆಗಬೇಕು.

ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ನಡುವಿನ ತೀರ್ಮಾನ ಇದಕ್ಕಿಂತ ಸುಲಭ. ಪೆಟ್ಟು ಬೀಳುತ್ತದೆಯೇ? ಬೀಳುವುದಾದರೆ ಪಾಲಿಕಾರ್ಬೊನೇಟ್, ಬೇರೆ ಮಾತಿಲ್ಲ. ಅದರ ಸರಪಳಿ ಟಿಜಿಗಿಂತ ಬಹಳ ಕೆಳಗಿದ್ದಾಗಲೂ ಸಣ್ಣ ಚಲನೆಗಳಿಂದ ಪೆಟ್ಟಿನ ಶಕ್ತಿ ನುಂಗಬಲ್ಲದು. ಪೆಟ್ಟಿಲ್ಲದ ಕಡೆ ನನ್ನ ಒಲವು ಅಕ್ರಿಲಿಕ್ ಕಡೆಗೆ. ಶೇಕಡಾ 92ರಷ್ಟು ಬೆಳಕು ಹಾಯುತ್ತದೆ, ಗೀರು ಕಡಿಮೆ ಬೀಳುತ್ತದೆ, ವರ್ಷಗಟ್ಟಲೆ ಬಿಸಿಲಲ್ಲಿ ನಿಂತರೂ ಹಳದಿಯಾಗುವುದಿಲ್ಲ. ಲೇಪನವಿಲ್ಲದ ಪಾಲಿಕಾರ್ಬೊನೇಟ್ ಹಳದಿಯಾಗುತ್ತದೆ. ಒರೆಸಲು ಅಕ್ರಿಲಿಕ್‌ಗೆ ಆಲ್ಕೋಹಾಲ್, ಪಾಲಿಕಾರ್ಬೊನೇಟ್‌ಗೆ ಅಮೋನಿಯಾ ಇರುವ ದ್ರವ ಮುಟ್ಟಿಸಬೇಡಿ. ಎರಡಕ್ಕೂ ಮೆದು ಸಾಬೂನು ನೀರು ಸಾಕು.

ನೈಲಾನ್ ಮತ್ತು ಅಸಿಟಾಲ್ ಜೋಡಿಯಲ್ಲಿ ನಾನು ಪಾಠ ಕಲಿತದ್ದು ಕೈಯಾರೆ. ನೀರಿನೊಳಗೆ ತಿರುಗುವ ಒಂದು ಶಾಫ್ಟಿಗೆ ನೈಲಾನ್ 6ರ ಬುಷ್, ಅಂದರೆ ಶಾಫ್ಟ್ ಒಳಗೆ ಕೂತು ತಿರುಗುವ ಕೊಳವೆ, ಬೇಕಿತ್ತು. ಲೇತಿನ ಮುಂದೆ ನಾನೇ ನಿಂತು, 0.1 ಮಿಲಿಮೀಟರ್ ಸಡಿಲ ಬಿಟ್ಟು ಕೊರೆಸಿದೆ. ಕೂರಿಸಿದ ದಿನ ಬೆರಳಲ್ಲಿ ತಳ್ಳಿದರೂ ಶಾಫ್ಟ್ ನುಣುಪಾಗಿ ತಿರುಗಿತು. ಮೂರನೆಯ ವಾರ ನಿಂತುಹೋಯಿತು. ಬಿಚ್ಚಿ ನೋಡಿದರೆ ಬುಷ್ ಶಾಫ್ಟನ್ನು ಮುಷ್ಟಿಯಂತೆ ಹಿಡಿದಿತ್ತು, ಸುತ್ತಿಗೆ ಇಲ್ಲದೆ ಬರಲಿಲ್ಲ. ಕೊರೆದುಕೊಟ್ಟಿದ್ದ ಹಿರಿಯರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ನೀರು ಕುಡಿದು ದಪ್ಪ ಆಗಿದೆ, ಹೊರಗೆ ಜಾಗ ಇಲ್ಲ, ಒಳಕ್ಕೆ ಬೆಳೆದಿದೆ" ಎಂದರು. ನೈಲಾನಿನ ಸರಪಳಿಗಳು ಪಕ್ಕದವನ್ನು ಹಿಡಿಯುವುದು ಅಮೈಡ್ ಗುಂಪುಗಳ ಹೈಡ್ರೋಜನ್ ಬಂಧದಿಂದ. ಬಲ ಕೊಡುವುದೂ ಅದೇ, ನೀರನ್ನು ಒಳಗೆ ಕರೆದುಕೊಳ್ಳುವುದೂ ಅದೇ. ನೀರಲ್ಲಿ ಪೂರ್ತಿ ನೆನೆದ ನೈಲಾನ್ 6 ತನ್ನ ತೂಕದ ಸುಮಾರು ಶೇಕಡಾ 9ರಷ್ಟು ನೀರು ಕುಡಿಯುತ್ತದೆ, ಅಸಿಟಾಲ್ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ನೀರು ಹೊಕ್ಕಾಗ ನೈಲಾನಿನ ಟಿಜಿಯೂ ಕುಸಿದು ಗಡಸುತನ ಮೂರರಲ್ಲಿ ಒಂದಕ್ಕಿಳಿಯುವುದುಂಟು. ಆದರೆ ಅದೇ ತೇವ ಅದಕ್ಕೆ ಜಿಗುಟುತನ ಕೊಡುತ್ತದೆ; ಒಣಗಿದ ನೈಲಾನ್ ಗಿಯರ್‌ನ ಹಲ್ಲು ಮುರಿಯುವ ಕಡೆ ತೇವಗೊಂಡದ್ದು ತಾಳುತ್ತದೆ. ಆದ್ದರಿಂದ ಪೆಟ್ಟು, ಬಿಸಿ, ಒರಟು ಕೆಲಸಕ್ಕೆ ನೈಲಾನ್. ಒದ್ದೆಯಲ್ಲೂ ಅಳತೆ ಕದಲಬಾರದೆಂದರೆ ಅಸಿಟಾಲ್. ಕ್ಲೋರಿನ್ ಹಾಕಿದ ನೀರಿಗೂ ಗಾಢ ಆಮ್ಲಕ್ಕೂ ಅಸಿಟಾಲ್ ಬೇಡ.

ಪಿವಿಸಿಯ ವಿಷಯದಲ್ಲಿ ಹೋಲಿಕೆ ಅದರದ್ದೇ ಎರಡು ರೂಪಗಳ ನಡುವೆ. ಗಟ್ಟಿ ಪೈಪೂ ಮೆತ್ತನೆಯ ವೈರಿನ ಹೊದಿಕೆಯೂ ಒಂದೇ ಪಾಲಿಮರ್. ಮೆತ್ತನೆಯದರಲ್ಲಿ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಸರಪಳಿಗಳ ಮಧ್ಯೆ ಕೂತು ಟಿಜಿಯನ್ನು ಕೋಣೆಯ ಉಷ್ಣತೆಗಿಂತ ಕೆಳಗಿಳಿಸಿದೆ. ಆದರೆ ಆ ದ್ರವ ಸರಪಳಿಗೆ ಕಟ್ಟಿಕೊಂಡಿಲ್ಲ, ಅವಕಾಶ ಸಿಕ್ಕಾಗ ಹೊರಗೆ ನಡೆಯುತ್ತದೆ. ಪಿವಿಸಿ ವೈರನ್ನು ಥರ್ಮಾಕೋಲ್ ಮೇಲೆ ಇಟ್ಟು ತಿಂಗಳುಗಟ್ಟಲೆ ಮರೆತವರಿಗೆ ಗೊತ್ತು: ವೈರು ಇದ್ದಲ್ಲಿ ಥರ್ಮಾಕೋಲ್ ಕರಗಿ ಕಾಲುವೆಯಾಗಿರುತ್ತದೆ, ವೈರು ಪೆಡಸಾಗಿರುತ್ತದೆ. ಮೆತ್ತನೆ ಗುಣ ಹತ್ತಾರು ವರ್ಷ ಉಳಿಯಬೇಕೆಂದರೆ ಹುಟ್ಟಿನಿಂದಲೇ ಮೆತ್ತಗಿರುವ ರಬ್ಬರ್ ಜಾತಿಯ ಪಾಲಿಮರ್ ಹುಡುಕುವುದು ಲೇಸು.

ರಬ್ಬರುಗಳನ್ನು ಎರಡೇ ಪ್ರಶ್ನೆಯಲ್ಲಿ ಮುಗಿಸಬಹುದು. ತಾಗುವುದು ಎಣ್ಣೆಯೋ ನೀರೋ? ಪೆಟ್ರೋಲ್, ಯಂತ್ರದ ಎಣ್ಣೆ ತಾಗುವುದಾದರೆ ನೈಟ್ರೈಲ್. ನೀರು, ಹಬೆ, ಬಿಸಿಲು ತಾಗುವುದಾದರೆ ಇಪಿಡಿಎಂ. ಇವೆರಡನ್ನು ಅದಲುಬದಲು ಮಾಡಬೇಡಿ, ಇಪಿಡಿಎಂ ಎಣ್ಣೆಯಲ್ಲಿ ಊದಿಕೊಂಡು ಹಾಳಾಗುತ್ತದೆ. ಉಷ್ಣತೆ ಎಷ್ಟು ಹರಡಿದೆ? ಮೈನಸ್ 50ರಿಂದ 200ರವರೆಗೆ ಬೇಕೆಂದರೆ ಸಿಲಿಕೋನ್. ಅದರ ಬೆನ್ನೆಲುಬಿನಲ್ಲಿ ಇಂಗಾಲದ ಬದಲು ಸಿಲಿಕಾನ್ ಮತ್ತು ಆಮ್ಲಜನಕ ಇದ್ದು ಬಹಳ ಸಲೀಸಾಗಿ ತಿರುಗುತ್ತದೆ, ಟಿಜಿ ಮೈನಸ್ 125ರ ಹತ್ತಿರ. ಎಳೆತಕ್ಕೆ ಸೀಳಿಹೋಗುವ, ಉಜ್ಜಿ ಸವೆಯುವ ಜಾಗಕ್ಕೆ ಮಾತ್ರ ಸಿಲಿಕೋನ್ ಸಾಲದು, ಅಲ್ಲಿ ನೈಸರ್ಗಿಕ ರಬ್ಬರಿಗೆ ಇಂದಿಗೂ ಎದುರಾಳಿಗಳು ಕಡಿಮೆ.

ತ್ರೀಡಿ ಪ್ರಿಂಟ್ ಮಾಡುವವರು ಪಿಎಲ್‌ಎ, ಪಿಇಟಿಜಿ, ಎಬಿಎಸ್ ಮೂರರ ಟಿಜಿಯನ್ನು 60, 80, 105 ಎಂದು ಗೋಡೆಗೆ ಬರೆದುಕೊಂಡರೆ ಬಹಳಷ್ಟು ಗೊಂದಲ ಹೋಗುತ್ತದೆ. ಕಪಾಟಿನಲ್ಲಿಡುವ ಮಾದರಿಗೆ ಪಿಎಲ್‌ಎ ಸಾಕು, ಅದು ಮೂರರಲ್ಲೂ ಗಡಸು.

ಡೇಟಾಶೀಟ್ ಹೇಳದೆ ಬಿಡುವ ಕಾಲ

ಡೇಟಾಶೀಟ್ ಎಂದರೆ ತಯಾರಕರು ಕೊಡುವ ಮಾಹಿತಿ ಹಾಳೆ. ಅದರ ಬಲದ ಅಂಕಿಗಳು ಹೆಚ್ಚಾಗಿ 23 ಡಿಗ್ರಿಯಲ್ಲಿ, ನಿಮಿಷಗಳೊಳಗೆ ಎಳೆದು ಮುರಿದ ಪಟ್ಟಿಯವು. ನಿಮ್ಮ ವಸ್ತು ಭಾರ ಹೊತ್ತು ಐದು ವರ್ಷ ನಿಲ್ಲಬೇಕು. ಸರಪಳಿಗಳು ಆ ಐದು ವರ್ಷವೂ ಕೂದಲೆಳೆಯಷ್ಟು ಜಾರುತ್ತಲೇ ಇರುತ್ತವೆ, ಇದಕ್ಕೆ ಕ್ರೀಪ್ ಎನ್ನುತ್ತಾರೆ. ಪುಸ್ತಕ ಪೇರಿಸಿದ ಪ್ಲಾಸ್ಟಿಕ್ ಅಟ್ಟಣಿಗೆ ವರ್ಷ ಕಳೆದಂತೆ ನಡುವೆ ಜೋತುಬೀಳುವುದು ಇದರಿಂದಲೇ. ಸದಾ ಭಾರವಿರುವ ಕಡೆ ಡೇಟಾಶೀಟಿನ ಬಲವನ್ನು ಹಾಗೇ ಲೆಕ್ಕಕ್ಕೆ ಹಿಡಿಯಬೇಡಿ; ಕ್ರೀಪ್ ರೇಖೆ ಕೇಳಿ, ಇಲ್ಲವಾದರೆ ಗಾಜಿನ ನಾರು ಬೆರೆಸಿದ ಗ್ರೇಡಿಗೆ ಹೋಗಿ. ನಾರು ಹರಿವಿನ ದಿಕ್ಕಿಗೆ ಮಲಗುವುದರಿಂದ ಆ ದಿಕ್ಕಿಗೆ ಬಲ ಹೆಚ್ಚು, ಅಡ್ಡಕ್ಕೆ ಕಡಿಮೆ ಎಂಬುದೂ ಗೊತ್ತಿರಲಿ.

ಕೈಯಲ್ಲಿರುವುದು ಯಾವುದೆಂದು ತಿಳಿಯದಿದ್ದರೆ

ಹಳೆಯ ಭಾಗದ ಬದಲಿ ಹುಡುಕುವಾಗ ಅದು ಯಾವ ಪ್ಲಾಸ್ಟಿಕ್ ಎಂದೇ ತಿಳಿಯದಿರುವುದುಂಟು. ತಳದಲ್ಲಿ ತ್ರಿಕೋನದೊಳಗೆ ಅಂಕಿ ಇದ್ದರೆ ಕೆಲಸ ಹಗುರ: 1 ಪೆಟ್, 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಉಳಿದದ್ದೆಲ್ಲ. ಅಂಕಿ ಇಲ್ಲದಿದ್ದರೆ ಎರಡು ಲೋಟ ಇಟ್ಟುಕೊಳ್ಳಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು ಇನ್ನು ಕರಗುವುದಿಲ್ಲ ಎನ್ನುವವರೆಗೆ ಕದಡಿದ ನೀರು. ಅದರ ಸಾಂದ್ರತೆ ಸುಮಾರು 1.2. ಎರಡಕ್ಕೂ ಒಂದು ಹನಿ ಸಾಬೂನು ಹಾಕಿ, ಇಲ್ಲವಾದರೆ ಅಂಟಿದ ಗಾಳಿಗುಳ್ಳೆಗಳು ಸುಳ್ಳು ಹೇಳುತ್ತವೆ. ಉಗುರಿನಷ್ಟು ತುಂಡನ್ನು ಮುಳುಗಿಸಿ ಬಿಡಿ. ಬರೀ ನೀರಲ್ಲೇ ತೇಲಿದರೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ನೀರಲ್ಲಿ ಮುಳುಗಿ ಉಪ್ಪುನೀರಲ್ಲಿ ತೇಲಿದರೆ ಪಾಲಿಸ್ಟೈರೀನ್, ಎಬಿಎಸ್, ನೈಲಾನ್‌ಗಳಲ್ಲಿ ಒಂದಿರಬಹುದು. ಮೇಜಿಗೆ ಬಡಿದಾಗ ಲೋಹದಂತೆ ಟಣ್ ಎಂದರೆ, ಬಾಗಿಸಿದಾಗ ಚಟ್ಟನೆ ಮುರಿದರೆ ಪಾಲಿಸ್ಟೈರೀನ್. ಎರಡರಲ್ಲೂ ಮುಳುಗಿದರೆ ಪೆಟ್, ಪಿವಿಸಿ ಅಥವಾ ಅಸಿಟಾಲ್. ಗಾಜಿನ ನಾರು, ಸುಣ್ಣದ ಪುಡಿ ತುಂಬಿದ ಮಾಲಿಗೂ ನೊರೆಯಂತೆ ಉಬ್ಬಿಸಿದ್ದಕ್ಕೂ ಈ ಲೆಕ್ಕ ನಡೆಯುವುದಿಲ್ಲ. ಸುಟ್ಟು ವಾಸನೆ ನೋಡುವ ಹಳೆಯ ರೂಢಿಯನ್ನು ದಯವಿಟ್ಟು ಬಿಟ್ಟುಬಿಡಿ. ಪಿವಿಸಿಯ ತೂಕದಲ್ಲಿ ಶೇಕಡಾ 57ರಷ್ಟು ಕ್ಲೋರಿನ್ ಇದೆ, ಸುಟ್ಟಾಗ ಮೂಗಿಗೆ ಬರುವುದು ಹೈಡ್ರೋಜನ್ ಕ್ಲೋರೈಡ್.